ಗೊರ್ರೆನ್ನುತ್ತದೆ, ಕೊಡುವುದಿಲ್ಲ

ಲೋಟ ಒತ್ತಿದರೆ ಗೊರ್ರೆನ್ನುತ್ತದೆ,
ಕೊಡುವುದಿಲ್ಲ.
ಒಳಗೆ ಐಸು ಇದೆ, ಕಣ್ಣಾರೆ ಕಂಡಿದ್ದೇನೆ,
ತೊಟ್ಟಿಯ ತುಂಬ, ಜಿಪುಣನ ಪೆಟ್ಟಿಗೆಯಲ್ಲಿದ್ದ ಹಾಗೆ.
ಕೇಳಿದವರೆದುರು ಗಂಟಲು ಸರಿಮಾಡಿಕೊಳ್ಳುತ್ತದೆ, ಅಷ್ಟೆ.

ಅರ್ಲೀನ್ ಡಯಾಲಿಸಿಸ್ ಮುಗಿಸಿ ಬಂದು
ಸೋಫಾದಲ್ಲಿ ಒರಗಿದ್ದಾಳೆ. ತುಟಿ ಒಡೆದಿವೆ.
ದಿನಕ್ಕೆ ನಾಲ್ಕು ಲೋಟ ಎಂದಿದ್ದಾಳೆ ಹೂಮಾದ ನರ್ಸು,
ಸೂಪಿನ ನೀರೂ ಅದರಲ್ಲೇ, ಕಾಫಿಯೂ ಅದರಲ್ಲೇ,
ಮಾತ್ರೆ ನುಂಗುವ ಗುಟುಕೂ.
ನೀರಾದರೆ ಕುಡಿದ ಕೂಡಲೇ ಮುಗಿಯಿತು.
ಐಸಾದರೆ ನಾಲಿಗೆಯಡಿ ಇಟ್ಟುಕೊಂಡು
ಟೀವಿಯ ಧಾರಾವಾಹಿ ಅರ್ಧ ಮುಗಿಯುವ ತನಕ ಎಳೆಯಬಹುದು.
ಎರಡು ವರ್ಷದಿಂದ ಹೀಗೆ
ದಾಹಕ್ಕೆ ಕಂತು ಕಟ್ಟುತ್ತ ಬಂದಿದ್ದಾಳೆ.

ಐಸೆಂದರೆ ಏನೆಂದು ನನ್ನ ಕೇಳಿ.
ಮೂವತ್ತೊಂದು ವರ್ಷ ಸಿಗಡಿ ದೋಣಿ ನಡೆಸಿದವನು.
ಡ್ಯೂಲಾಕಿನ ಕಟ್ಟೆಯಲ್ಲಿ ಕೊಳವೆಯ ಬಾಯಿ ಹಿಡಿದರೆ
ಪುಡಿ ಐಸು ಧೋ ಎಂದು ದೋಣಿಯ ಹೊಟ್ಟೆಗೆ ಸುರಿಯುತ್ತಿತ್ತು,
ಒಂದು ಸರತಿಗೆ ಎರಡು ಟನ್ನು.
ಸಲಿಕೆಯಲ್ಲಿ ಎಳೆದು, ಬೂಟಿನಲ್ಲಿ ತುಳಿದು,
ಸಿಗಡಿ ಒಂದು ಪದರ, ಐಸು ಒಂದು ಪದರ,
ಮಿಕ್ಕಿದ್ದನ್ನು ನೀರಿಗೆ ಚೆಲ್ಲಿ
ಪೆಲಿಕನ್ ಹಕ್ಕಿಗಳನ್ನು ಬೈದು ಮನೆಗೆ ಬರುತ್ತಿದ್ದೆ.
ಚೆಲ್ಲಿದ್ದಕ್ಕೆ ಲೆಕ್ಕ ಇಟ್ಟವರು ಯಾರು?

ತೊಟ್ಟಿಗೆ ಕೈ ಹಾಕಿ ತೆಗೆದುಕೊಟ್ಟರಾಯಿತಲ್ಲ, ಅನ್ನಬೇಡಿ.
ಹಗಲು ಕೊಡುತ್ತೇನೆ.
ರಾತ್ರಿ ಎರಡರ ಹೊತ್ತಿಗೆ ಅವಳೊಬ್ಬಳೇ ಎದ್ದು ಹೋಗುತ್ತಾಳೆ,
ಸೂಜಿ ಚುಚ್ಚಿಸಿಕೊಂಡ ಎಡಗೈಯನ್ನು ಎದೆಗವಚಿಕೊಂಡು
ಬಲಗೈಯಲ್ಲಿ ಲೋಟ ಒತ್ತುತ್ತಾಳೆ.
ನಾನು ನಿದ್ದೆ ಬಂದವನ ಹಾಗೆ ಬಿದ್ದುಕೊಂಡು ಎಣಿಸುತ್ತೇನೆ,
ಟಕ್. ಟಕ್.
ದಿನಾ ಎರಡೇ.
ಭಾನುವಾರದಿಂದ ಬರೀ ಗೊರ್ರು,
ಆಮೇಲೆ ಬರಿಗೈಯಲ್ಲಿ ವಾಪಸು ಬರುವ ಚಪ್ಪಲಿ.

ಪ್ಲಗ್ಗು ಕಿತ್ತೆ. ತೊಟ್ಟಿ ಎಳೆದರೆ ಬರಲೊಲ್ಲದು.
ಐಸು ಬೀಳುವ ಬಾಯಿಯ ಮುಚ್ಚಳ ಪೂರ್ತಿ ಮುಚ್ಚದೆ
ಬಯೂದ ಒದ್ದೆ ಗಾಳಿ ಒಳಗೆ ನುಸುಳಿದೆ,
ಕರಗಿದ್ದು ಮತ್ತೆ ಹೆಪ್ಪಾಗಿ ಅಡಿಯೆಲ್ಲ ಒಂದೇ ಬಂಡೆ.
ಅವಳ ಕೂದಲೊಣಗಿಸುವ ಯಂತ್ರ ತಂದು ಬಿಸಿ ಊದಿದೆ,
ಇಪ್ಪತ್ತು ನಿಮಿಷ, ಮಂಡಿಯೂರಿ,
ನೆಲವೆಲ್ಲ ನೀರು, ಕಾಲುಚೀಲವೆಲ್ಲ ನೀರು.
ಕಡೆಗೆ ಐಸು ತಳ್ಳುವ ಸುರುಳಿ ಕಂಡಿತು.
ಅದಕ್ಕೂ ಮೋಟಾರಿಗೂ ಗಂಟು ಹಾಕುವ
ಎರಡು ಹಲ್ಲಿನ ಪ್ಲಾಸ್ಟಿಕ್ ಕವೆ,
ಒಂದು ಹಲ್ಲು ಮುರಿದಿದೆ.
ಮೋಟಾರು ಸುತ್ತುತ್ತದೆ, ಸುರುಳಿ ನಿಂತಲ್ಲೇ ನಿಂತಿದೆ,
ನಾನೂ ನನ್ನಣ್ಣ ಕ್ಲೋವಿಸನೂ
ಫೋನಿನಲ್ಲಿ ಮಾತಾಡಿದ ಹಾಗೆ.
(ಮುರಿದವನು ನಾನೇ ಇರಬೇಕು.
ಭಾನುವಾರ ಸಿಟ್ಟಿನಲ್ಲಿ ಗುದ್ದಿದ್ದೆ.)

ಅಂಗಡಿಯವನೆಂದ: ಹದಿನೆಂಟು ಡಾಲರು, ಶುಕ್ರವಾರ.
ಈವತ್ತು ಮಂಗಳವಾರ.

ಶೆಡ್ಡಿನಲ್ಲಿ ಬಲೆ ಹೊಲಿಯುವ ಹಸಿರು ನೂಲು ಇನ್ನೂ ಇತ್ತು,
ಡಾಂಬರಿನ ವಾಸನೆ ಹೋಗಿರಲಿಲ್ಲ.
ಕವೆಯನ್ನೂ ಸುರುಳಿಯ ಬುಡವನ್ನೂ ಸೇರಿಸಿ
ಎಂಟು ಸುತ್ತು ಸುತ್ತಿ, ಹಲ್ಲು ಕಚ್ಚಿ ಬಿಗಿದು
ಬಲೆಯ ಗಂಟು ಹಾಕಿದೆ.
ಸ್ಕ್ರೂ ಹಿಡಿದರೆ ನಡುಗುವ ಬೆರಳು
ನೂಲು ಹಿಡಿದಾಗ ನಡುಗಲಿಲ್ಲ.

ತಿರುಗಿಸಿ ಜೋಡಿಸಿ ಲೋಟ ಒತ್ತಿದೆ.
ಏಳು ಹರಳು ಬಿದ್ದವು. ಎಂಟಕ್ಕೆ ನೂಲು ಜಾರಿ ಮತ್ತೆ ಗೊರ್ರು.
‘ಏಳು ಬಂತಲ್ಲ,’ ಎಂದಳು ಸೋಫಾದಿಂದ,
‘ಎಂಟು ಬಂದಿದ್ದರೆ ಎಂಟೂ ತಿಂದುಬಿಡುತ್ತಿದ್ದೆ.’
ಮತ್ತೆ ಬಿಚ್ಚಿದೆ. ಮತ್ತೆ ಕಟ್ಟಿದೆ, ಹನ್ನೆರಡು ಸುತ್ತು.

ರಾತ್ರಿ ಎರಡಕ್ಕೆ ಚಪ್ಪಲಿ ಎದ್ದವು.
ಗೊರ್.
ಟಕ್. ಟಕ್.
ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ ಕಳ್ಳನ ಹಾಗೆ ಮೆಲ್ಲಗೆ
ಟಕ್.

ನರ್ಸಿನ ಚೀಟಿಯಲ್ಲಿ ಎಂದಿನ ಹಾಗೆ ಎರಡೆಂದೇ ಬರೆದೆ.
ಶುಕ್ರವಾರ ಹೊಸ ಕವೆ ಬರುತ್ತದೆ.
ನೂಲು ಕತ್ತರಿಸಲು ಚಾಕು ಎಲ್ಲಿಟ್ಟೆನೋ, ಹುಡುಕಬೇಕು.